ಮಾತ್ರೆ ಬಿಟ್ಟ ಸಾಕ್ಷಿಗೆ ನಾನು ಹೇಳಿದ ಆಮೆನ್

ಮೂಡಬಿದ್ರೆಯಲ್ಲಿ ಇಲ್ಲಿ ಕೂತವರಿಗೂ, ಬಂಟ್ವಾಳ ಮತ್ತು ಬೆಳ್ತಂಗಡಿಯ ಕೂಟಗಳಿಂದ ಬಂದ ತಮ್ಮ ತಂಗಿಯರಿಗೂ, ಬೆಂಗಳೂರಿನ ಪಿಜಿಯಲ್ಲಿ ಇಯರ್‌ಫೋನ್ ಹಾಕಿ ಕೇಳ್ತಾ ಇರುವವರಿಗೂ ಸ್ತೋತ್ರ.

ಇವತ್ತಿನ ವಿಷಯ ಹೃದಯ. ಹೃದಯ ಅಂದ ಕೂಡಲೆ ನೀವು ಜ್ಞಾನೋಕ್ತಿ 4ನೇ ಅಧ್ಯಾಯ ತೆರೆಯಲಿಕ್ಕೆ ಶುರು ಮಾಡಿದ್ರಿ, ನೋಡಿದೆ ನಾನು. ಸತ್ಯವೇದ ಸ್ವಲ್ಪ ಹೊತ್ತು ಮಡಿಲಲ್ಲಿ ಇರಲಿ. ನಾನು ಮಾತಾಡುವುದು ಎದೆಯ ಒಳಗೆ ಮುಷ್ಟಿಯಷ್ಟು ದೊಡ್ಡದಿರುವ ಮಾಂಸದ ಹೃದಯದ ಬಗ್ಗೆ. ಅದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪುಲ್ಪಿಟ್‌ನಲ್ಲಿ ಇದೆಂತ ವಿಷಯ ಅಂತ ಕೆಲವರಿಗೆ ಅನಿಸಬಹುದು. ಕೊನೆಯವರೆಗೆ ಕೇಳಿ.

2025ರ ಮೇ, ಜೂನ್ ತಿಂಗಳಲ್ಲಿ ಘಟ್ಟದ ಮೇಲೆ ಹಾಸನದ ಸುದ್ದಿ ನಿಮಗೆ ನೆನಪುಂಟು. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಅಂತ ದಿನಾ ಟಿವಿಯಲ್ಲಿ ಬರ್ತಿತ್ತು. ಅವರಲ್ಲಿ ನಿಮ್ಮ ಪ್ರಾಯದವರೂ ಇದ್ದರು. ಜಯದೇವ ಆಸ್ಪತ್ರೆಯ ಎದುರು ಜನ ಸಾಲು ನಿಂತರು. ಆಗ ನಮ್ಮ ಯುವಕರ ಗುಂಪಿನಲ್ಲಿ ಒಬ್ಬ ತಮ್ಮ ಕೇಳಿದ: "ಪಾಸ್ಟರ್ ಅಣ್ಣ, ನಾವು ಪ್ರಾರ್ಥನೆ ಮಾಡುವವರು. ಹೋಗಿ ಚೆಕಪ್ ಮಾಡಿಸಿದ್ರೆ ಅದು ಅವಿಶ್ವಾಸ ಆಗ್ತದಾ?"

ನಾನು ಎರಡು ದಿನ ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿತ್ತು. ಆದರೆ ಅದನ್ನು ಹೇಳುವ ಮೊದಲು ನಾನೊಂದು ತಪ್ಪು ಒಪ್ಪಿಕೊಳ್ಳಬೇಕಿತ್ತು. ಅದಕ್ಕೆ ಧೈರ್ಯ ಇರಲಿಲ್ಲ. ಇವತ್ತು ಒಪ್ಪಿಕೊಳ್ತೇನೆ.

ನಾಲ್ಕು ವರ್ಷದ ಹಿಂದೆ ಬೆಳ್ತಂಗಡಿ ಕಡೆ ಒಂದು ಮನೆಕೂಟ. ನಾನು ಹಗಲು ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆದು, ಸಂಜೆ ಬೈಕಿನಲ್ಲಿ ವೇಣೂರು ದಾಟಿ ಅಲ್ಲಿಗೆ ಹೋಗ್ತಿದ್ದೆ. ಬೈಬಲ್ ಕಾಲೇಜಿನ ಡಿಪ್ಲೊಮಾ ಮುಗಿಸಿ ಜಾಸ್ತಿ ವರ್ಷ ಆಗಿರಲಿಲ್ಲ, ಬಾಯಲ್ಲಿ ಬೆಂಕಿ ಇತ್ತು. ಆ ಕೂಟದಲ್ಲಿ ಒಬ್ಬ ಅಕ್ಕ ಸಾಕ್ಷಿ ಹೇಳಲಿಕ್ಕೆ ಎದ್ದರು. ಐವತ್ತು ದಾಟಿದವರು, ಬೀಡಿ ಕಟ್ಟಿ ಮಗನನ್ನು ಓದಿಸಿದವರು. "ಹಿಂದಿನ ವಾರ ಪ್ರಾರ್ಥನೆ ಮಾಡಿದ ಮೇಲೆ ತಲೆಭಾರ ಎಲ್ಲ ಹೋಯ್ತು. ಬಿಪಿ ಮಾತ್ರೆ ಬಿಟ್ಟಿದ್ದೇನೆ. ಕರ್ತನೇ ನನ್ನ ವೈದ್ಯ" ಅಂದರು. ನಾನು ಮೈಕ್ ತೆಗೆದುಕೊಂಡು ಜೋರಾಗಿ ಆಮೆನ್ ಹೇಳಿದೆ. "ಚಪ್ಪಾಳೆ ತಟ್ಟಿ, ಇದು ವಿಶ್ವಾಸ!" ಅಂತ ಎಲ್ಲರ ಕೈಯಲ್ಲಿ ಚಪ್ಪಾಳೆ ತಟ್ಟಿಸಿದೆ.

ಏಳು ತಿಂಗಳಾದ ಮೇಲೆ ಅವರಿಗೆ ಸ್ಟ್ರೋಕ್ ಆಯ್ತು. ಬಲಭಾಗ ಬಿದ್ದುಹೋಯ್ತು. ಬೀಡಿ ಕಟ್ಟುತ್ತಿದ್ದ ಕೈ ಅದು. ಮಾತು ಅರ್ಧ ಬಂತು, ಅರ್ಧ ಬರಲಿಲ್ಲ. ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ. ಆಸ್ಪತ್ರೆಯ ಜಗಲಿಯಲ್ಲಿ ಅವನು ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ: "ಅಣ್ಣ, ಅಮ್ಮ ಮಾತ್ರೆ ಬಿಟ್ಟದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಅಂದೆ.

ಅವನು ಮತ್ತೆ ಎಂತದೂ ಹೇಳಲಿಲ್ಲ. ಆ ದಿನದಿಂದ ಸಭೆಗೂ ಬರಲಿಲ್ಲ.

ಮಾತ್ರೆ ತೆಗೆದುಕೊಂಡಿದ್ದರೆ ಆ ಅಕ್ಕನಿಗೆ ಸ್ಟ್ರೋಕ್ ಆಗ್ತಿರಲೇ ಇಲ್ಲ ಅಂತ ನಾನು ಹೇಳಲಾರೆ, ಅದನ್ನು ಯಾರೂ ಹೇಳಲಾರರು. ಆದರೆ ಹತೋಟಿಯಲ್ಲಿಲ್ಲದ ಬಿಪಿಯೇ ಸ್ಟ್ರೋಕಿಗೆ ಅತಿ ದೊಡ್ಡ ಕಾರಣ ಎಂಬುದು ವೈದ್ಯರೆಲ್ಲ ಒಪ್ಪಿದ ಮಾತು. ಅದು ಗೊತ್ತಿಲ್ಲದೆ ನಾನು ಆಮೆನ್ ಹೇಳಿದೆ. ಆ ಆಮೆನ್ ನನ್ನದು, ಅದನ್ನು ದೇವರ ಮೇಲೆ ಹೊರಿಸಲಿಕ್ಕೆ ಆಗುವುದಿಲ್ಲ.

ಈಗ ತಮ್ಮನ ಪ್ರಶ್ನೆಗೆ ಬರುವಾ. ಶರೀರವನ್ನು ನೋಡಿಕೊಳ್ಳುವುದು ಅವಿಶ್ವಾಸವಾ?

ನಮ್ಮ ತಾಲೂಕುಗಳಲ್ಲಿ ಅಡಿಕೆ ತೋಟ ಇರುವ ವಿಶ್ವಾಸಿಗಳು ತುಂಬಾ ಜನ ಇದ್ದಾರೆ. ಮಳೆಗಾಲ ಶುರುವಾಗುವ ಮೊದಲು ಅವರು ಎಂತ ಮಾಡ್ತಾರೆ? ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡಿ ಗೊನೆಗೆ ಬಿಡಿಸ್ತಾರೆ. ಯಾಕೆ? ಕೊಳೆರೋಗ ಬರಬಾರದು ಅಂತ. ನಲವತ್ತು, ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಬಿಡಿಸ್ತಾರೆ. ಅದೇ ತೋಟದಲ್ಲಿ ನಿಂತು ನಾವು ಕೈ ಚಾಚಿ ಪ್ರಾರ್ಥನೆಯೂ ಮಾಡಿದ್ದೇವೆ. "ಮದ್ದು ಬಿಟ್ಟಿದ್ದಾರೆ, ಇವರಿಗೆ ವಿಶ್ವಾಸ ಇಲ್ಲ" ಅಂತ ಯಾರಾದರೂ ಹೇಳಿದ್ದುಂಟಾ? ಇಲ್ಲ. ಅಡಿಕೆಮರಕ್ಕೆ ಒಂದು ದೇವಶಾಸ್ತ್ರ, ಅಮ್ಮನ ರಕ್ತನಾಳಕ್ಕೆ ಇನ್ನೊಂದು ದೇವಶಾಸ್ತ್ರ ಯಾಕೆ ಬಂತು ಮಾರಾಯ್ರೇ?

ವಾಕ್ಯಕ್ಕೆ ಹೋಗುವಾ. ಅರಸನಾದ ಹಿಜ್ಕೀಯ ಸಾಯುವ ಸ್ಥಿತಿಯಲ್ಲಿದ್ದ. ಅತ್ತು ಪ್ರಾರ್ಥಿಸಿದ, ದೇವರು ಕೇಳಿ 15 ವರ್ಷ ಕೂಡಿಸಿಕೊಟ್ಟರು. ಇಲ್ಲಿಯವರೆಗೆ ನಾವು ಪ್ರಸಂಗ ಮಾಡ್ತೇವೆ. ಅದೇ ಅಧ್ಯಾಯದಲ್ಲಿ ಪ್ರವಾದಿ ಯೆಶಾಯ ಅಂಜೂರದ ಹಣ್ಣಿನ ಮುದ್ದೆ ತರಿಸಿ ಹುಣ್ಣಿಗೆ ಹಚ್ಚಿಸಿದ್ದೂ ಉಂಟು. ಅದನ್ನು ನಾವು ಬಿಟ್ಟುಬಿಡ್ತೇವೆ. ವಾಗ್ದಾನ ಬಂದ ಮೇಲೂ ಲೇಪ ಹಚ್ಚಿದರು. ಪೌಲನ ಜೊತೆ ಊರೂರು ತಿರುಗಿದ ಲೂಕನನ್ನು ಕೊಲೊಸ್ಸೆ ಪತ್ರಿಕೆ ವೈದ್ಯ ಅಂತಲೇ ಕರೆಯುತ್ತದೆ. ಯೇಸುವನ್ನು ಹಿಂಬಾಲಿಸಿದ್ದಕ್ಕೆ ಲೂಕನ ಆ ಹೆಸರು ಅಳಿಸಿಹೋಗಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ಯೇಸು ಕುಷ್ಠರೋಗಿಗಳನ್ನು ಸ್ವಸ್ಥ ಮಾಡಿದಾಗ ಎಲ್ಲಿಗೆ ಕಳಿಸಿದರು? ಯಾಜಕನ ಹತ್ತಿರ. ಆ ಕಾಲದಲ್ಲಿ ಚರ್ಮ ನೋಡಿ ವಾಸಿಯಾಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಯಾಜಕನಿಗೆ ಇತ್ತು. ಅಂದರೆ ಅದ್ಭುತ ಮಾಡಿದ ಯೇಸುವೇ ಪರೀಕ್ಷೆಗೆ ಕಳಿಸಿದರು. ದೇವರ ಕೆಲಸಕ್ಕೆ ಪರೀಕ್ಷೆಯ ಭಯ ಇಲ್ಲ. ನಿನಗೆ ಬಿಪಿ ವಾಸಿ ಆಗಿದೆಯಾ? ಕರ್ತನಿಗೆ ಸ್ತೋತ್ರ. ಹೋಗಿ ಡಾಕ್ಟರಿಗೆ ತೋರಿಸು. ಮಾತ್ರೆ ಕಡಿಮೆ ಮಾಡು ಅಂತ ಅವರು ಹೇಳಲಿ. ಆ ಚೀಟಿ ತಂದು ಸಾಕ್ಷಿ ಹೇಳು, ಆಗ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಎಂತ ಹೇಳಿದ? ಕೆಳಗೆ ಹಾರು, ದೂತರು ಹಿಡಿದುಕೊಳ್ತಾರೆ ಅಂದ. ಅದಕ್ಕೆ ವಾಕ್ಯವನ್ನೇ ತೋರಿಸಿದ. ಯೇಸು ಹಾರಲಿಲ್ಲ. ದೇವರನ್ನು ಪರೀಕ್ಷೆ ಮಾಡುವುದು ಬೇರೆ, ನಂಬುವುದು ಬೇರೆ ಎಂದು ತಿಳಿಸಿದರು. ಆ ಅಕ್ಕ ಹಾರಲು ನಿಂತಿದ್ದರು. ಕೆಳಗಿನಿಂದ "ಹಾರಿ, ಹಾರಿ" ಅಂತ ಚಪ್ಪಾಳೆ ತಟ್ಟಿದವನು ನಾನು. ಆ ಕಥೆಯಲ್ಲಿ ನಾನು ಯಾರ ಜಾಗದಲ್ಲಿದ್ದೆ ಅಂತ ಯೋಚಿಸಿದಾಗ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಕರಾವಳಿಯ ಚರಿತ್ರೆಯೂ ಇದನ್ನೇ ಹೇಳ್ತದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಒಂದು ಆಲದ ಮರದ ಕೆಳಗೆ ಮದ್ದು ಕೊಡಲಿಕ್ಕೆ ಶುರು ಮಾಡಿದರು. 1923ರಲ್ಲಿ ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ಡಾಕ್ಟರ್ ಇವಾ ಲೊಂಬಾರ್ಡ್ ಆಸ್ಪತ್ರೆ ಶುರು ಮಾಡಿದರು. ನಮ್ಮ ಸಭೆಯವರಲ್ಲ, ನಮ್ಮ ಹಾಗೆ ಕೈ ಎತ್ತಿ ಆರಾಧಿಸಿದವರೂ ಅಲ್ಲ. ಆದರೆ ಪ್ರಾರ್ಥಿಸುವ ಕೈಯಲ್ಲಿಯೇ ಮದ್ದು ಕೊಡಬಹುದು ಅಂತ ಅವರಿಗೆ ಗೊತ್ತಿತ್ತು. ನಮ್ಮ ಪೆಂತೆಕೊಸ್ತ ಹಿರಿಯರಲ್ಲಿ ಕೆಲವರು ಜೀವಮಾನದಲ್ಲಿ ಮದ್ದು ಮುಟ್ಟಲಿಲ್ಲ. ಅವರ ಸಮರ್ಪಣೆಯನ್ನು ನಾನು ಗೌರವಿಸ್ತೇನೆ. ಅದು ಅವರು ತಮ್ಮ ಮೇಲೆ ತಾವೇ ಹೊತ್ತುಕೊಂಡ ಹೊರೆ. ಅದನ್ನು ಇನ್ನೊಬ್ಬರ ತಾಯಿಯ ಮೇಲೆ ಹೊರಿಸುವ ಅಧಿಕಾರ ನನಗೆ ಯಾರು ಕೊಟ್ಟದ್ದು?

ಇದು ಒಂದು ಬದಿ. ನಿಮ್ಮಲ್ಲಿ ಹೆಚ್ಚಿನವರ ಸಮಸ್ಯೆ ಇದಲ್ಲ, ನನಗೆ ಗೊತ್ತುಂಟು. ನಿಮ್ಮ ಸಮಸ್ಯೆ ಇನ್ನೊಂದು: "ನನ್ನ ಬಾಡಿ, ನನ್ನ ಇಷ್ಟ. ಈಗ 25, ನಲವತ್ತಾದಾಗ ನೋಡುವಾ."

ನಲವತ್ತರವರೆಗೆ ಕಾಯಬೇಡಿ. 2004ರಲ್ಲಿ ಇಂಟರ್‌ಹಾರ್ಟ್ ಅಂತ ದೊಡ್ಡ ಅಧ್ಯಯನ ಪ್ರಕಟ ಆಯ್ತು, 52 ದೇಶಗಳಲ್ಲಿ ಮಾಡಿದ್ದು. ಅದರ ನಾಯಕ ಡಾ. ಸಲೀಂ ಯೂಸುಫ್ ಕೇರಳದವರು, ಎಂಬಿಬಿಎಸ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು 90 ಶೇಕಡಾ ಒಂಬತ್ತು ಸಂಗತಿಗಳಿಂದ ವಿವರಿಸಬಹುದು ಅಂತ ಅವರು ಕಂಡುಕೊಂಡರು. ತಂಬಾಕು, ರಕ್ತದ ಕೊಬ್ಬು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನುವುದು, ಮೈ ಬಗ್ಗಿಸುವುದು, ಮದ್ಯ. ಇದೇ ಅಧ್ಯಯನದಿಂದ ಇನ್ನೊಂದು ಮಾತು ತಿಳಿಯಿತು. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ನಡುಪ್ರಾಯ 53, ಬೇರೆಯವರಿಗೆ ಸುಮಾರು 59. ನಮಗೆ ಐದಾರು ವರ್ಷ ಮುಂಚೆ ಬರ್ತದೆ. ರಕ್ತನಾಳದಲ್ಲಿ ಕೊಬ್ಬು ಕೂರಲಿಕ್ಕೆ ಶುರುವಾಗುವುದು ಎದೆನೋವು ಬಂದ ದಿನ ಅಲ್ಲ, ಹತ್ತಾರು ವರ್ಷ ಮೊದಲು. ಅಂದರೆ ಈಗ, ನಿಮ್ಮ ಪ್ರಾಯದಲ್ಲಿ.

ಆದರೆ ನಾನು ಹೆದರಿಸಲಿಕ್ಕೆ ನಿಂತವನಲ್ಲ. ನನ್ನ ಪ್ರಶ್ನೆ ಬೇರೆ. ಈ ಹೃದಯ ಯಾರದ್ದು? ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 6ನೇ ಅಧ್ಯಾಯವನ್ನು ನಾವು ಲೈಂಗಿಕ ಪಾಪದ ಬಗ್ಗೆ ಮಾತ್ರ ಉಪಯೋಗಿಸ್ತೇವೆ. ಶರೀರ ದೇವರಾತ್ಮನ ಆಲಯ, ನಾವು ಕ್ರಯಕ್ಕೆ ಕೊಳ್ಳಲ್ಪಟ್ಟವರು ಅಂತ ಅಲ್ಲಿ ಕಲಿಸಿದ್ದು ಹೃದಯಕ್ಕೆ, ಶ್ವಾಸಕೋಶಕ್ಕೆ ಅನ್ವಯ ಆಗುವುದಿಲ್ಲವಾ? ಬಾಡಿಗೆಗೆ ಇದ್ದವನು ಮನೆಯ ಗೋಡೆ ಒಡೆದು "ನನ್ನ ಇಷ್ಟ" ಅಂದರೆ ಧಣಿ ಒಪ್ಪುತ್ತಾರಾ?

ದೇವರ ಮಾತು ಬದಿಗಿಟ್ಟರೂ ನನ್ನ ಶರೀರ ನನ್ನೊಬ್ಬನದ್ದಲ್ಲ. ಆ ಅಕ್ಕನ ಬಲಗೈ ಬಿದ್ದಾಗ ಮಗನ ಕೆಲಸ ಹೋಯ್ತು, ತಂಗಿಯ ಮದುವೆ ಮುಂದೆ ಹೋಯ್ತು, ಸೊಸೈಟಿಯಲ್ಲಿ ಚಿನ್ನ ಅಡ ಇಟ್ಟರು. ಒಬ್ಬರ ರಕ್ತನಾಳ ಒಡೆದರೆ ಇಡೀ ಮನೆಗೆ ಪೆಟ್ಟು. ಹಾಗಾಗಿ ನಾನು ಬೆಳಿಗ್ಗೆ ಅರ್ಧ ಗಂಟೆ ನಡೆಯುವುದು ನನ್ನ ಹೆಂಡತಿ ಮಕ್ಕಳಿಗೆ ಮಾಡುವ ಪ್ರೀತಿಯ ಕೆಲಸ. ನೆರೆಯವನನ್ನು ಪ್ರೀತಿಸು ಅನ್ನುವ ಆಜ್ಞೆ ಮನೆಯ ಒಳಗಿನ ನೆರೆಯವನಿಗೂ ಸೇರಿದ್ದು.

ಇಲ್ಲಿ ಒಬ್ಬ ತಂಗಿ ಒಳ್ಳೆಯ ಪ್ರಶ್ನೆ ಕೇಳ್ತಾಳೆ, ನನಗೆ ಕೇಳಿಸ್ತಾ ಉಂಟು: "ಅಣ್ಣ, ಪುನೀತ್ ರಾಜ್‌ಕುಮಾರ್?" ಹೌದು. 2021 ಅಕ್ಟೋಬರ್ 29. ಬರೀ 46 ವರ್ಷ. ಶರೀರವನ್ನು ಚೆನ್ನಾಗಿ ಇಟ್ಟುಕೊಂಡಿದ್ದವರು ಅಂತ ಇಡೀ ಕರ್ನಾಟಕಕ್ಕೆ ಗೊತ್ತಿತ್ತು. ಅವರೇ ಹೋದ ಮೇಲೆ ನಾವು ಉಪ್ಪು ಕಡಿಮೆ ಮಾಡಿ ಎಂತ ಪ್ರಯೋಜನ?

ಇದನ್ನು ಹಗುರವಾಗಿ ದಾಟಬಾರದು. ಒಳ್ಳೆಯ ಅಭ್ಯಾಸ ಖಾತರಿಪತ್ರ ಅಲ್ಲ. ವಂಶದಲ್ಲಿ ಬಂದದ್ದು ಇರ್ತದೆ, ಹುಟ್ಟಿನಿಂದ ಬಂದದ್ದು ಇರ್ತದೆ, ಯಾರಿಗೂ ಕಾಣದೆ ಇದ್ದದ್ದು ಇರ್ತದೆ. ಬೋರ್ಡೋ ಬಿಟ್ಟ ತೋಟಕ್ಕೂ ಕೆಲವು ವರ್ಷ ಕೊಳೆರೋಗ ಬರ್ತದೆ. ಅಷ್ಟಕ್ಕೆ ಮುಂದಿನ ವರ್ಷ ಯಾರೂ ಮದ್ದು ಬಿಡುವುದನ್ನು ನಿಲ್ಲಿಸುವುದಿಲ್ಲ. ಬಿಡದೆ ಇದ್ದರೆ ಹೋಗುವುದು ಹೆಚ್ಚು ಅಂತ ಕೃಷಿಕನಿಗೆ ಗೊತ್ತುಂಟು. ಹಾಸನದ ಸಾವುಗಳ ಬಗ್ಗೆ ಸರಕಾರ ನೇಮಿಸಿದ ಸಮಿತಿ, ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ್ದು, ಅಸಹಜವಾದ ಏರಿಕೆ ಏನೂ ಇಲ್ಲ, ಕೋವಿಡ್ ಲಸಿಕೆ ಕಾರಣ ಅಲ್ಲ ಎಂದು ವರದಿ ಕೊಟ್ಟಿತು. ತೀರಿಕೊಂಡವರಲ್ಲಿ ಹೆಚ್ಚಿನವರಿಗೆ ಕಂಡದ್ದು ಹಳೆಯ ಪರಿಚಯದ ಕಾರಣಗಳೇ: ಬೀಡಿ ಸಿಗರೇಟು, ಮದ್ಯ, ಸಕ್ಕರೆ ಕಾಯಿಲೆ, ಬಿಪಿ, ಬೊಜ್ಜು.

ಆದರೆ ಇದರಿಂದ ಒಂದು ಅಪಾಯ ಉಂಟು. ನಾಳೆ ಸಭೆಯಲ್ಲಿ ಯಾರಿಗಾದರೂ ಹೃದಯಾಘಾತ ಆದರೆ ನಾವು ಕಣ್ಣಲ್ಲೇ ತೀರ್ಪು ಮಾಡ್ತೇವೆ: "ವಾಕಿಂಗ್ ಹೋಗ್ತಿರಲಿಲ್ಲ, ಪೋರ್ಕ್ ಜಾಸ್ತಿ ತಿಂತಿದ್ರು." ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ ಪ್ರಶ್ನೆ ಇದೇ ಜಾತಿಯದ್ದು, ಪಾಪ ಯಾರದ್ದು ಅಂತ. ಯೇಸು ಆ ಲೆಕ್ಕವನ್ನೇ ಒಪ್ಪಲಿಲ್ಲ. ಪೌಲ ಎಷ್ಟೋ ಜನರನ್ನು ಪ್ರಾರ್ಥಿಸಿ ಎಬ್ಬಿಸಿದವನು, ಆದರೂ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯ್ತು. ಅವನ ವಿಶ್ವಾಸ ಕಡಿಮೆ ಅಂತ ಒಂದು ಮಾತೂ ಬರೆಯಲಿಲ್ಲ. ಅಭ್ಯಾಸದ ವಿಷಯ ನಾವು ಮಾತಾಡುವುದು ನಾಳೆಗಾಗಿ. ನಿನ್ನೆ ಬಿದ್ದವನಿಗೆ ಕಲ್ಲು ಹೊಡೆಯಲಿಕ್ಕೆ ಅಲ್ಲ. ಹಾಗೆಯೇ ಕನ್ನಡಿಯ ಎದುರು ನಿಂತು ಮಸಲ್ಸ್ ಆರಾಧಿಸುವವನಿಗೂ ಒಂದು ಮಾತು: ಆಲಯವನ್ನು ಗುಡಿಸುವುದು ಬೇರೆ, ಆಲಯಕ್ಕೇ ಅಡ್ಡಬೀಳುವುದು ಬೇರೆ.

ಹಾಗಾದರೆ ನಮ್ಮ ಪಾಲಿನದ್ದು ಎಂತ? ಫಲಿತಾಂಶ ನಮ್ಮ ಕೈಯಲ್ಲಿ ಇಲ್ಲ, ನಂಬಿಗಸ್ತಿಕೆ ಉಂಟು. ಮನೆವಾರ್ತೆಯವನಿಗೆ ಧಣಿ ಕೇಳುವುದು ಕೊಟ್ಟದ್ದನ್ನು ಹೇಗೆ ನೋಡಿಕೊಂಡೆ ಅಂತ. ಮಳೆ ಯಾಕೆ ಬರಲಿಲ್ಲ ಅಂತ ಅವನ ಹತ್ತಿರ ಕೇಳುವುದಿಲ್ಲ.

ಈಗ 2 ಅರಸು 5ನೇ ಅಧ್ಯಾಯ ತೆರೆಯಿರಿ. ನಾಮಾನ ದೊಡ್ಡ ಸೇನಾಪತಿ, ಕುಷ್ಠರೋಗಿ. ಎಲೀಷ ಹೊರಗೆ ಬಂದು ಕೈಯಾಡಿಸಿ ಏನೋ ದೊಡ್ಡದು ಮಾಡ್ತಾನೆ ಅಂತ ನೆನಸಿ ಬಂದ. ಸಿಕ್ಕಿದ್ದು ಎಂತ? ಹೋಗಿ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಅಂತ ಆಳಿನ ಬಾಯಲ್ಲಿ ಒಂದು ಸಂದೇಶ. ಅವನಿಗೆ ಸಿಟ್ಟು ಬಂತು. ನಮ್ಮ ಊರಲ್ಲಿ ಇದಕ್ಕಿಂತ ಒಳ್ಳೆಯ ಹೊಳೆ ಇಲ್ಲವಾ ಅಂತ. ನೇತ್ರಾವತಿ, ಫಲ್ಗುಣಿ ನೋಡಿ ಬೆಳೆದ ನಮಗೂ ಹಾಗೆಯೇ ಅನಿಸ್ತಿತ್ತು. ಆಗ ಅವನ ಸೇವಕರು ಬುದ್ಧಿ ಹೇಳಿದರು: ಕಷ್ಟದ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಿ, ಸುಲಭದ್ದನ್ನು ಮಾಡಲಿಕ್ಕೆ ಎಂತ ಅಡ್ಡಿ?

ನಾವೆಲ್ಲ ನಾಮಾನನ ಜಾತಿ. 21 ದಿನ ಉಪವಾಸ ಇರಿ ಅಂದರೆ ಇರ್ತೇವೆ. ದಿನಾ ಉಪ್ಪಿನಕಾಯಿ ಬಿಡಿ ಅಂದರೆ ಆಗುವುದಿಲ್ಲ. ದೊಡ್ಡದಕ್ಕೆ ವಿಶ್ವಾಸ ಉಂಟು, ಸಣ್ಣದಕ್ಕೆ ವಿಧೇಯತೆ ಇಲ್ಲ. ಹಾಗಾಗಿ ಯೊರ್ದನಿನ ಏಳು ಮುಳುಗಿನ ಹಾಗೆ ಕೆಲವು ಸಣ್ಣ ಸಂಗತಿ ಹೇಳ್ತೇನೆ.

ಮೊದಲನೆಯದು ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಹೆಚ್ಚುಕಡಿಮೆ ಒಂದು ಚಹಾ ಚಮಚ, ಇಡೀ ದಿನಕ್ಕೆ. ನಮ್ಮ ಕುಚಲಕ್ಕಿ ಗಂಜಿ ಒಳ್ಳೆಯದೇ. ಅದರ ಬದಿಯಲ್ಲಿ ಕೂರುವ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಇವು ಮೂರು ಸೇರಿ ಲೆಕ್ಕ ತಪ್ಪಿಸ್ತವೆ. ಒಣಮೀನಿನ ಬದಲು ಹಸಿ ಬಂಗುಡೆ, ಬೂತಾಯಿ ಸಾರು ಮಾಡಿ. ಹೃದಯಕ್ಕೆ ಒಳ್ಳೆಯ ಕೊಬ್ಬು ಇರುವ ಮೀನು ಅವು, ನಮ್ಮ ಕಡಲಲ್ಲೇ ಸಿಗ್ತವೆ. ಬಸಳೆ, ಹರಿವೆ, ಅಲಸಂಡೆ ಹಿತ್ತಲಲ್ಲಿ ಬೆಳೀತವೆ. ಬಿ.ಸಿ. ರೋಡಿನ ಬೇಕರಿಯ ಪಫ್ಸ್ ದಿನಾ ಬೇಕಾ? ಗೋಳಿಬಜೆ ಮಳೆ ಬಂದ ದಿನ ತಿನ್ನಿ, ನಾನೂ ತಿಂತೇನೆ. ಮಳೆಗಾಲ ಪೂರ್ತಿ ಬೇಡ.

ಎರಡನೆಯದು ನಡಿಗೆ. ವಾರಕ್ಕೆ 150 ನಿಮಿಷ ಸ್ವಲ್ಪ ಚುರುಕಾಗಿ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಕಾಲಿನ ಮೀನಖಂಡ ಇದೆಯಲ್ಲ, ಅದು ಹಿಂಡಿದಾಗ ಕೆಳಗಿನ ರಕ್ತ ಮೇಲೆ ಹೃದಯಕ್ಕೆ ಏರುತ್ತದೆ. ಒಂಬತ್ತು ಗಂಟೆ ಲ್ಯಾಪ್‌ಟಾಪ್ ಎದುರು ಕೂತರೆ ಆ ಪಂಪ್ ನಿಂತ ಹಾಗೆ. ಬೀಡಿ ಕಟ್ಟುವ ಅಮ್ಮಂದಿರಿಗೂ ಅದೇ, ಕಾಲು ಮಡಚಿ ಗಂಟೆಗಟ್ಟಲೆ. ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಿ. ಹಳಬರಲ್ಲಿ ಉಪವಾಸ ಮಾಡುವ, ಸಕ್ಕರೆ ಕಾಯಿಲೆ ಇರುವವರು ಇದ್ದರೆ ಒಂದು ಮಾತು: ಡಾಕ್ಟರಲ್ಲಿ ಕೇಳದೆ ಉಪವಾಸ ಬೇಡ, ಮದ್ದಿನ ಲೆಕ್ಕ ತಪ್ಪುತ್ತದೆ.

ಮೂರನೆಯದು ತಂಬಾಕು. ನೀವು ಸೇದುವುದಿಲ್ಲ ಅಂತ ನಂಬ್ತೇನೆ. ವೇಪ್ ಕೂಡ ಅದರಲ್ಲೇ ಬಂತು, ಕಿಸೆ ಮುಟ್ಟಿ ನೋಡ್ಕೊಳ್ಳಿ. "ದಿನಕ್ಕೆ ಒಂದೇ" ಅನ್ನುವ ಬೀಡಿಗೂ ರಕ್ತನಾಳದಲ್ಲಿ ರಿಯಾಯಿತಿ ಇಲ್ಲ. ಇಲ್ಲಿ ಒಂದು ನೋವಿನ ವಿಷಯ ಉಂಟು. ನಮ್ಮ ಸಭೆಯ ಎಷ್ಟೋ ಮನೆಗಳ ಅನ್ನ ಬೀಡಿಯಿಂದ ಬಂದದ್ದು. ಆ ತಾಯಂದಿರನ್ನು ನಾನು ದೂರುವುದಿಲ್ಲ. ಅವರ ಮಕ್ಕಳಾದ ನೀವು ಓದಿ ಕೆಲಸಕ್ಕೆ ಸೇರಿದ್ದೀರಿ. ಆ ಮೊರ ಅವರ ಮಡಿಲಿಂದ ಬೇಗ ಇಳಿಸುವುದು ನಿಮ್ಮ ಜವಾಬ್ದಾರಿ.

ನಾಲ್ಕನೆಯದು ನಿದ್ದೆ, ವಿಶ್ರಾಂತಿ. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಯ್ತು. ಹೃದಯದ ಕೋಣೆಗಳಲ್ಲಿ ಯಾವಾಗಲೂ ರಕ್ತ ತುಂಬಿರುತ್ತದೆ. ಆದರೆ ಅದರ ಮಾಂಸ ಆ ರಕ್ತವನ್ನು ನೇರವಾಗಿ ಕುಡಿಯುವುದಿಲ್ಲ. ಅದಕ್ಕೆ ಬೇರೆಯೇ ಸಣ್ಣ ನಾಳಗಳು ಉಂಟು. ಆ ನಾಳಗಳಲ್ಲಿ, ಮುಖ್ಯವಾಗಿ ಎಡಭಾಗಕ್ಕೆ, ರಕ್ತ ಹೆಚ್ಚು ಹರಿಯುವುದು ಹೃದಯ ಹಿಂಡುವಾಗ ಅಲ್ಲ, ಎರಡು ಬಡಿತದ ನಡುವೆ ಅದು ಸಡಿಲವಾದಾಗ. ಇಡೀ ಶರೀರಕ್ಕೆ ಊಟ ಕೊಡುವ ಹೃದಯ ತಾನು ಉಣ್ಣುವುದು ವಿಶ್ರಾಂತಿಯ ಆ ಕ್ಷಣದಲ್ಲಿ. ಸಬ್ಬತ್ತನ್ನು ದೇವರು ಕಲ್ಲಿನ ಹಲಗೆಯಲ್ಲಿ ಮಾತ್ರ ಬರೆದದ್ದಲ್ಲ. ಎಲೀಯ ಸೋತು ಪೊದೆಯ ಕೆಳಗೆ ಬಿದ್ದು ಸಾವು ಕೇಳಿದಾಗ ದೂತನು ಪ್ರಸಂಗ ಮಾಡಲಿಲ್ಲ, ರೊಟ್ಟಿ ಕೊಟ್ಟು ಮಲಗಲಿಕ್ಕೆ ಬಿಟ್ಟನು. ರಾತ್ರಿ ಎರಡರವರೆಗೆ ರೀಲ್ಸ್ ನೋಡಿ ಬೆಳಿಗ್ಗೆ "ಅಭಿಷೇಕ ಇಲ್ಲ" ಅನ್ನಬೇಡಿ. ಏಳು ಗಂಟೆ ನಿದ್ದೆ ಮಾಡಿ ನೋಡಿ ಮೊದಲು.

ಐದನೆಯದು ಬಿಪಿ ನೋಡಿಸುವುದು. ಬಿಪಿ ಹೆಚ್ಚಾದರೆ ತಲೆಭಾರ ಬರ್ತದೆ, ನನಗೆ ಹಾಗೇನೂ ಇಲ್ಲ ಅಂತ ಹೆಚ್ಚಿನವರು ನೆನಸ್ತಾರೆ. ಆ ಅಕ್ಕನೂ ಹಾಗೇ ನೆನಸಿದ್ದು, ತಲೆಭಾರ ಹೋಯ್ತು ಅಂದರೆ ಬಿಪಿ ಹೋಯ್ತು ಅಂತ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಯಂತ್ರಕ್ಕೆ ಮಾತ್ರ ಗೊತ್ತಾಗ್ತದೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಮೇಲೆ ಇದ್ದರೆ ಡಾಕ್ಟರನ್ನು ಕಾಣಲೇಬೇಕು. ಅಕ್ಕನಿಗೆ ಹಾಗಾದ ಮೇಲೆ ನಾನೂ ನೋಡಿಸಿದೆ. 34ನೇ ಪ್ರಾಯದಲ್ಲಿ 150/96. ಮೂರು ಸಲ ನೋಡಿದರೂ ಅಷ್ಟೇ. ಇವತ್ತು ಬೆಳಿಗ್ಗೆ ಪ್ರಾರ್ಥನೆ ಮಾಡಿ, ಮಾತ್ರೆ ನುಂಗಿ, ನಿಮ್ಮ ಎದುರು ನಿಂತಿದ್ದೇನೆ. ಆ ಮಾತ್ರೆಗೂ ಸ್ತೋತ್ರ ಹೇಳಿಯೇ ನುಂಗುವುದು.

ಆರನೆಯದು, "ಗ್ಯಾಸ್" ಅನ್ನುವ ಮಾತು. ಎದೆಯಲ್ಲಿ ಒತ್ತಿದ ಹಾಗೆ ಆಗಿ, ಭುಜಕ್ಕೋ ದವಡೆಗೋ ನೋವು ಹರಿದು, ಬೆವರಿದರೆ ಜೀರಿಗೆ ಕಷಾಯ ಕಾಯಿಸುತ್ತಾ ಕೂರಬೇಡಿ. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರುಕಟ್ಟುವುದು ಮಾತ್ರ ಇರಬಹುದು. ಮುಖ ಒಂದು ಬದಿ ಸೊಟ್ಟ ಆದರೆ, ಒಂದು ಕೈ ಎತ್ತಲಿಕ್ಕೆ ಆಗದಿದ್ದರೆ, ಮಾತು ತೊದಲಿದರೆ ಅದು ಸ್ಟ್ರೋಕ್. ಎರಡಕ್ಕೂ ನಿಮಿಷಗಳೇ ಲೆಕ್ಕ. 108ಕ್ಕೆ ಫೋನ್ ಮಾಡಿ. ಪ್ರಾರ್ಥನೆಯನ್ನು ಗಾಡಿಯಲ್ಲಿ ಹೋಗುತ್ತಾ ಮಾಡಿ. ನನಗೆ ಫೋನ್ ಮಾಡುವುದಾದರೆ ಅದಾದ ಮೇಲೆ ಮಾಡಿ. ಪುನೀತ್ ಅವರ ಹೆಸರಿನಲ್ಲಿ ಸರಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಘೋಷಿಸಿತು, ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡಲಿಕ್ಕೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸಾಪಿನಲ್ಲಿ ಬಂದ ಇಸಿಜಿ ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದಾರೆ. ನಾವು ವಾಟ್ಸಾಪಿನಲ್ಲಿ ಎಂತೆಂತದೋ ಫಾರ್ವರ್ಡ್ ಮಾಡ್ತೇವೆ, ಅದೇ ಫೋನಿನಲ್ಲಿ ಜೀವ ಉಳಿಸುವ ಕೆಲಸವೂ ಆಗ್ತಾ ಉಂಟು. ನಿಮ್ಮ ಮನೆಗೆ ಹತ್ತಿರ ಇಸಿಜಿ ಎಲ್ಲಿ ಉಂಟು ಅಂತ ಈ ವಾರವೇ ಕೇಳಿ ತಿಳಿದುಕೊಳ್ಳಿ.

ಏಳನೆಯದು ಸಭೆಯಾಗಿ ನಾವು ಮಾಡಬೇಕಾದದ್ದು. ಹಿರಿಯರ ಜೊತೆ ಮಾತಾಡಿದ್ದೇನೆ. ಮುಂದಿನ ತಿಂಗಳಿಂದ ಮೂರೂ ಕಡೆಯ ಕೂಟದಲ್ಲಿ ಒಂದೊಂದು ಬಿಪಿ ಮೆಷಿನ್ ಇರುತ್ತದೆ. ನಮ್ಮಲ್ಲಿ ನರ್ಸಿಂಗ್ ಓದಿದ ತಂಗಿಯರು ಇದ್ದಾರೆ, ಆರಾಧನೆಗೆ ಮೊದಲು ಹತ್ತು ನಿಮಿಷ ನೋಡ್ತಾರೆ. ಪ್ರೀತಿಭೋಜನದಲ್ಲಿ ಉಪ್ಪಿನಕಾಯಿ ಎಲೆಗೆ ಬಡಿಸುವುದಿಲ್ಲ, ಬೇಕಾದವರು ಕೇಳಿ ಹಾಕಿಸಿಕೊಳ್ಳಿ. ನೈಟ್ ಶಿಫ್ಟ್ ಮುಗಿಸಿ ಬಂದವನು ಇಡೀ ರಾತ್ರಿಯ ಪ್ರಾರ್ಥನೆಗೆ ಬರಲಿಲ್ಲ ಅಂತ ಯಾರೂ ಅವನ ಆತ್ಮಿಕತೆಯನ್ನು ಅಳೆಯುವುದು ಬೇಡ. ಮತ್ತೆ, ಮಾತ್ರೆ ಬಿಟ್ಟ ಸಾಕ್ಷಿಗೆ ಇನ್ನು ಮುಂದೆ ಮೈಕ್ ಇಲ್ಲ. ಡಾಕ್ಟರು ನಿಲ್ಲಿಸಿದ ಸಾಕ್ಷಿಗೆ ಯಾವಾಗಲೂ ಉಂಟು.

ಕೆಲವರಿಗೆ ಬೇಸರ ಆಗಬಹುದು, ಪಾಸ್ಟರಿಗೆ ವಿಶ್ವಾಸ ಕಡಿಮೆ ಆಯ್ತು ಅಂತ. ನಾನು ಈಗಲೂ ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೇನೆ, ಇವತ್ತೂ ಪ್ರಾರ್ಥಿಸ್ತೇನೆ. ದೇವರು ಸ್ವಸ್ಥಪಡಿಸ್ತಾರೆ, ಕಣ್ಣಾರೆ ಕಂಡಿದ್ದೇನೆ. ನನ್ನಲ್ಲಿ ಕಡಿಮೆ ಆದದ್ದು ನನ್ನ ಸ್ವರದ ಮೇಲಿನ ನಂಬಿಕೆ.

ಕಳೆದ ವಾರ ಆ ಅಕ್ಕನ ಮನೆಗೆ ಹೋಗಿದ್ದೆ. ಇವತ್ತು ಇದನ್ನೆಲ್ಲ ಹೇಳಲಿಕ್ಕೆ ಅವರ ಅಪ್ಪಣೆ ಬೇಕಿತ್ತು. ಅವರು ಎಡಗೈಯಲ್ಲಿ ನನ್ನ ಕೈ ಹಿಡಿದು, ಬಿಡಿಸಿ ಬಿಡಿಸಿ ಹೇಳಿದರು: "ಹೇಳಿ... ಬೇರೆಯವರು... ಬಿಡಬಾರದು." ಮಗ ಅಡುಗೆಕೋಣೆಯಿಂದ ಬಂದು ತಾಯಿಯ ಬಿಪಿ ಬರೆದಿಟ್ಟ ನೋಟ್‌ಬುಕ್ ನನ್ನ ಕೈಯಲ್ಲಿ ಕೊಟ್ಟ. ದಿನಕ್ಕೆ ಎರಡು ಸಲ, ಮೂರೂವರೆ ವರ್ಷ, ಒಂದು ದಿನವೂ ತಪ್ಪಿಲ್ಲ. ನಾನು ಅವನ ಹತ್ತಿರ ಕ್ಷಮೆ ಕೇಳಿದೆ, ಮೊದಲ ಸಲ ಬಾಯಿಬಿಟ್ಟು. ಅವನು ಉತ್ತರ ಕೊಡಲಿಲ್ಲ. "ಚಾ ಕುಡಿತೀರಾ, ಸಕ್ಕರೆ ಹಾಕ್ಬೇಕಾ?" ಅಂತ ಕೇಳಿದ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ.

ಎದ್ದು ನಿಲ್ಲುವಾ. ಬಲಗೈ ಎದೆಯ ಮೇಲೆ ಇಡಿ. ಬಡಿತ ಸಿಗ್ತದಾ? ನಾವು ಕೇಳದೆ ಸಿಕ್ಕಿದ್ದು ಇದು.

ಕರ್ತನೇ, ಈ ಬಡಿತಕ್ಕಾಗಿ ಸ್ತೋತ್ರ. ನೀನು ಕೊಟ್ಟದ್ದನ್ನು ನಾವು ಅಲಕ್ಷ್ಯ ಮಾಡಿದ್ದಕ್ಕೆ ಕ್ಷಮಿಸು. ನಿನ್ನ ಹೆಸರಿನಲ್ಲಿ ಆತುರದ ಮಾತು ಆಡಿದ ನಿನ್ನ ಸೇವಕನನ್ನು ಕ್ಷಮಿಸು. ಹಾಸಿಗೆಯಲ್ಲಿರುವವರನ್ನು ಮುಟ್ಟು. ಅವರನ್ನು ನೋಡಿಕೊಳ್ಳುವ ಮಕ್ಕಳಿಗೆ ಬಲ ಕೊಡು. ಡಾಕ್ಟರುಗಳ, ನರ್ಸುಗಳ, ಆಂಬುಲೆನ್ಸ್ ಓಡಿಸುವವರ ಕೈಗಳನ್ನು ಆಶೀರ್ವದಿಸು. ಸಣ್ಣ ವಿಷಯಗಳಲ್ಲಿ ನಂಬಿಗಸ್ತರಾಗಿರಲು ನಮಗೆ ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಬಿಪಿ ಮಾತ್ರೆ ಮನೆಯಲ್ಲಿ ಮರೆತು ಬಂದವರು ಊಟಕ್ಕೆ ನಿಲ್ಲಬೇಡಿ, ಮೊದಲು ಹೋಗಿ ತೆಗೆದುಕೊಳ್ಳಿ. ಊಟ ನಿಮಗೆ ತೆಗೆದಿಡುತ್ತೇವೆ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.